ಮಂಗಳ ಆಗೋತನಕ ಏಳುವಂತಿಲ್ಲ

ಅವತ್ತು ನಾರಾಯಣಪೇಟೆಯ ನಮ್ಮ ಸೀರೆ ಅಂಗಡಿಯಲ್ಲಿ ಗಿರಾಕಿಗಳು ಒಬ್ಬರೂ ಇರಲಿಲ್ಲ. ಇದ್ದವರು ನಾವು ಐದು ಜನ. ಬಾಗಿಲಿಗೆ ಎದುರಾಗಿ ನಾನು, ಗಾದಿಯ ಮೇಲೆ ಗದ್ವಾಲದಿಂದ ಬಂದಿದ್ದ ಹಿಂದಿ ಮೇಷ್ಟ್ರು, ಅವರ ಪಕ್ಕದಲ್ಲಿ ನಮಗೆ ಸೀರೆ ನೇದು ಕೊಡುವ ನೇಕಾರಣ್ಣ, ಹೊಸ್ತಿಲ ಹತ್ತಿರ ಮಕ್ತಲ್ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮ ಸೋದರಮಾವ, ಮಾವನ ಬೆನ್ನ ಹಿಂದೆ ಅವರ ಮಾತು ಎಲ್ಲಿ ತಪ್ಪುತ್ತದೋ ಎಂದು ಕಾಯುತ್ತಾ ನಮ್ಮ ಅತ್ತೆ. ತೆಲಂಗಾಣ ಬೇರೆ ರಾಜ್ಯವಾದ ಮರುವರ್ಷ ಅದು. ಆ ಮಧ್ಯಾಹ್ನ ಮೇಷ್ಟ್ರು ನಮ್ಮೆಲ್ಲರ ಫೋನು ಇಸಿದುಕೊಂಡು ಒಂದು ವಾಟ್ಸಾಪ್ ಗುಂಪು ಕಟ್ಟಿದರು. ‘ಹಾಡಿನ ಕಟ್ಟಿ’ ಎಂದು ಹೆಸರಿಟ್ಟರು. ತಮಗೆ ಇಷ್ಟವಾದ ಹಾಡನ್ನು ಒಬ್ಬರಿಗೊಬ್ಬರು ಕಳಿಸಿಕೊಳ್ಳುವುದು, ಬಿಡುವಾದಾಗ ಕೇಳುವುದು. ಅಷ್ಟೇ.

ಅಷ್ಟೇ ಎಂದುಕೊಂಡವರು ನಾವು ನಾಲ್ವರು. ಮಾವ ಎದ್ದು ಚಪ್ಪಲಿ ಬಿಟ್ಟು ಬಂದರು. ಹೆಗಲ ಮೇಲಿನ ಕಂಬಳಿಯನ್ನು ಹಾಸಿದರು. ರುಮಾಲು ಬಿಚ್ಚಿ ಹೊಸದಾಗಿ ಸುತ್ತಿಕೊಂಡರು. ಫೋನನ್ನು ಎದುರಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಬೀರಪ್ಪನನ್ನು ನೆನೆದು ಒಂದು ಸ್ತುತಿ ಹಾಡಿ ಕಳಿಸಿದರು. ಈ ಭೂಮಿಯ ಮೇಲೆ ಎಲ್ಲರಿಗಿಂತ ಉದ್ದದ ಹಾಡಿಕೆಗೆ ಕೂತ ಮನುಷ್ಯ ಯಾರು ಎಂದು ಯಾರಾದರೂ ಕೇಳಿದರೆ ನಾನು ನಮ್ಮ ಮಾವನ ಕಡೆ ಬೆರಳು ತೋರಿಸುತ್ತೇನೆ. ಆ ಮಧ್ಯಾಹ್ನ ಕೂತವರು ಇನ್ನೂ ಎದ್ದಿಲ್ಲ!

ಇದು ಅರ್ಥವಾಗಬೇಕಾದರೆ ನಮ್ಮ ಕಡೆಯ ಡೊಳ್ಳಿನ ಹಾಡಿಕೆಯ ಬಗ್ಗೆ ಎರಡು ಮಾತು ಹೇಳಬೇಕು. ಬೀರಪ್ಪನ ಗುಡಿಯ ಮುಂದೆ ಎರಡು ಮ್ಯಾಳಗಳು ಎದುರುಬದುರು ಕೂಡುತ್ತವೆ. ಮೊದಲು ಸ್ತುತಿ. ಆಮೇಲೆ ಒಂದು ಮ್ಯಾಳದವರು ಹಾಡಿನಲ್ಲೇ ಪ್ರಶ್ನೆ ಎತ್ತುತ್ತಾರೆ, ಇನ್ನೊಂದು ಮ್ಯಾಳದವರು ಹಾಡಿನಲ್ಲೇ ಉತ್ತರ ಕೊಡುತ್ತಾರೆ. ಕೊನೆಗೆ ಗೆದ್ದವರು ಸೋತವರು ಎಲ್ಲ ಒಟ್ಟಾಗಿ ಮಂಗಳದ ಪದ ಹಾಡುತ್ತಾರೆ. ಮಂಗಳ ಆದ ಮೇಲೆಯೇ ಏಳುವುದು. ಅದಕ್ಕೆ ಮುಂಚೆ ಎದ್ದು ಹೋದರೆ ದೇವರಿಗೂ ಎದುರು ಕೂತವನಿಗೂ ಬೆನ್ನು ತೋರಿಸಿದ ಹಾಗೆ. ಈಗ ನೀವೇ ಹೇಳಿ, ವಾಟ್ಸಾಪಿನಲ್ಲಿ ಮಂಗಳ ಹಾಡುವವರು ಯಾರು? ಸ್ತುತಿ ಆಗಿದೆ, ಹಾಡಿಕೆ ನಡೆದಿದೆ, ಮಂಗಳ ಆಗಿಲ್ಲ. ಆದ್ದರಿಂದ ಮಾವನ ಪ್ರಕಾರ ನಾವೆಲ್ಲರೂ ಇನ್ನೂ ಕೂತಿದ್ದೇವೆ. ನಾನು ಇಡ್ಲಿ ಬೇಯಿಸುವಾಗಲೂ, ಮೇಷ್ಟ್ರು ಹುಡುಗರ ಉತ್ತರ ಪತ್ರಿಕೆ ತಿದ್ದುವಾಗಲೂ, ಕೂತೇ ಇದ್ದೇವೆ.

ಹಾಡಿಕೆಯಲ್ಲಿ ಕೂತವರು ಚಪ್ಪಲಿ ಹಾಕುವಂತಿಲ್ಲ. ಹೀಗಾಗಿ ಮಾವ ಫೋನು ಹಿಡಿದಾಗ ಬರಿಗಾಲು. ಫೋನೋ, ಸದಾ ಕೈಯಲ್ಲಿ!

"ಹೊಲದಾಗ ಮುಳ್ಳು ತುಳಕೊಂತ ಹಾಡು ಕೇಳ್ತಾನ ನಿಮ್ಮ ಮಾವ," ಎಂದು ಅತ್ತೆ ನನಗೆ ಫೋನಿನಲ್ಲಿ ದೂರು ಹೇಳುತ್ತಿದ್ದಳು. "ಹಾಡು ಕಳಿಸಾಕ ನಿಮಗೆಲ್ಲ ಬರ್ತೈತಿ. ಮುಳ್ಳು ತಗಿಯಾಕ ನಾನೊಬ್ಬಾಕಿ ಬೇಕು."

ಗುಂಪಿನಲ್ಲಿ ಎಲ್ಲ ಬಗೆಯ ಹಾಡು ಬರುತ್ತಿತ್ತು. ಮೇಷ್ಟ್ರು ಉರ್ದು ಗಜಲು ಕಳಿಸುವರು, ನೇಕಾರಣ್ಣ ಹಳೆಯ ತೆಲುಗು ಸಿನಿಮಾದ ಅಳುವ ಹಾಡುಗಳನ್ನು ಹುಡುಕಿ ಹುಡುಕಿ ಹಾಕುವನು, ನಾನು ನಮ್ಮ ಅವ್ವ ಕಲಿಸಿದ ಸೋಬಾನೆ ಪದ ಹಾಡಿ ಕಳಿಸುತ್ತಿದ್ದೆ. ಹಾಡು ಕೇಳಿದವರು ಏನು ಮಾಡುತ್ತಾರೆ? ಎಲ್ಲರೂ ಮಾಡುವುದನ್ನೇ ನಾವೂ ಮಾಡುತ್ತಿದ್ದೆವು. ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಒಂದನ್ನು ಒತ್ತಿ ನಮ್ಮ ಕೆಲಸಕ್ಕೆ ಹೋಗುತ್ತಿದ್ದೆವು. ಮಾವನ ಮೊದಲ ಡೊಳ್ಳಿನ ಪದಕ್ಕೆ ಮೇಷ್ಟ್ರು ಹಾಗೆ ಒಂದು ಒತ್ತಿದರು ನೋಡಿ, ಐದು ನಿಮಿಷಕ್ಕೆ ಅವರ ಫೋನು ಬಡಿದುಕೊಂಡಿತು.

"ಮೇಷ್ಟ್ರ, ಏನ್ರಿ ಇದು?"

"ಏನಾತು ಮಾಮಾ? ಹಾಡು ಭಾಳ ಚೊಲೊ ಐತಿ ಅಂತ ಹಾಕೀನಿ."

"ಚೊಲೊ ಐತಿ ಅಂತ ಬಾಯಿಲೆ ಹೇಳ್ರಿ. ಇಲ್ಲಾ ಒಂದು ಹಾಡು ತಿರುಗಿ ಹಾಡ್ರಿ. ಪಟ್ವಾರಿ ಮುಂದ ನಿಂತಂಗ ಹೆಬ್ಬೆಟ್ಟು ಒತ್ತತೀರಲ್ರಿ. ನಾನೇನು ಹೊಲ ಬರಸಿಕೊಳ್ಳಾಕ ಬಂದೀನೇನು? ಓದಿದ ಮಂದಿ ನೀವು, ಹೆಬ್ಬೆಟ್ಟು ಒತ್ತಾಕ ನಾಚಿಕಿ ಬರಂಗಿಲ್ಲೇನು?"

ಅವತ್ತಿನಿಂದ ‘ಹಾಡಿನ ಕಟ್ಟಿ’ಯಲ್ಲಿ ಹೆಬ್ಬೆಟ್ಟು ಬಂದ್ ಆಯಿತು. ಇಂಗ್ಲಿಷ್, ಹಿಂದಿ ಎರಡರಲ್ಲೂ ಎಂ.ಎ. ಮಾಡಿದ ಮೇಷ್ಟ್ರು ಡೊಳ್ಳಿನ ಪದಕ್ಕೆ ಉತ್ತರವಾಗಿ ಶಾಲೆಯ ಕಾರಿಡಾರಿನಲ್ಲಿ ನಿಂತು ಗಜಲು ಹಾಡಿ ಕಳಿಸುವ ಸ್ಥಿತಿಗೆ ಬಂದರು. ಅವರ ದನಿ ಹೇಗಿತ್ತು ಎಂದು ಮಾತ್ರ ಕೇಳಬೇಡಿ. ಅದಕ್ಕೆ ಉತ್ತರವಾಗಿ ಹೆಬ್ಬೆಟ್ಟು ಕೂಡ ಒತ್ತುವಂತಿರಲಿಲ್ಲವಲ್ಲ!

ಇನ್ನೊಂದು ಸಲ ನೇಕಾರಣ್ಣ ಗುಂಪಿನಿಂದ ಹೊರಗೆ ಹೋದ. ಪಾಪ, ಅವನದು ಹಳೆಯ ಫೋನು, ನಮ್ಮ ಹಾಡುಗಳಿಂದ ಹೊಟ್ಟೆ ತುಂಬಿ ನಿಂತುಬಿಟ್ಟಿತ್ತು. ‘ತೊರೆದರು’ ಎಂಬ ಸಾಲು ಕಂಡ ಮರುದಿನವೇ ಮಾವ ಮಕ್ತಲ್‌ನಿಂದ ಬಸ್ಸು ಹತ್ತಿ, ನಾರಾಯಣಪೇಟೆಯಲ್ಲಿ ಇಳಿದು, ಸೀದಾ ಅವನ ಮಗ್ಗದ ಮುಂದೆ ಹೋಗಿ ನಿಂತರು. ನಾನೂ ಜೊತೆಗೆ ಹೋಗಬೇಕಾಯಿತು.

"ಮಂಗಳ ಆಗಿಲ್ಲ, ಎಲ್ಲಿಗೆ ಎದ್ದು ಹೊಂಟಿ?"

"ಮಾಮಾ, ಫೋನಿನಾಗ ಜಗಾ ಇಲ್ಲ."

"ಜಗಾ ಇಲ್ಲಂದ್ರ ಸರದು ಕುಂದರಬೇಕು. ಎದ್ದು ಹೋಗತಾರೇನು?"

ನೇಕಾರಣ್ಣ ಮಗ್ಗ ನಿಲ್ಲಿಸಿ, ತನ್ನ ಮದುವೆಯ ವಿಡಿಯೊ ಅಳಿಸಿ, ಸರಿದು ಕೂತ.

ಆ ದಿನಗಳಲ್ಲಿ ಎಲ್ಲಿ ನೋಡಿದರೂ ಎರಡು ರಾಜ್ಯಗಳ ಮಾತೇ. ನೀರು ಯಾರದು, ನೌಕರಿ ಯಾರದು, ಪೇಪರಿನ ತುಂಬ ಅದೇ ತಕರಾರು. ಒಂದು ಸಲ ಅಂಗಡಿಯಲ್ಲಿ ಮೇಷ್ಟ್ರು, "ಒಡದು ಬ್ಯಾರೆ ಆದ ಮ್ಯಾಲೂ ಯಾಕೆ ಇಷ್ಟು ಜಗಳ ಮಾಮಾ?" ಎಂದರು. ಮಾವ, "ಬ್ಯಾರೆ ಆಗೋ ದಿವಸ ಎರಡೂ ಕಡೀ ಮಂದಿ ಕೂಡಿ ಕುಂತು ಮಂಗಳ ಹಾಡಿದ್ರೇನು?" ಎಂದು ಕೇಳಿದರು.

"ಇಲ್ಲ."

"ಮತ್ತ? ಹಾಡಿಕಿ ಇನ್ನಾ ನಡದೈತಿ."

ಇದನ್ನೆಲ್ಲ ಹೇಳಿಕೊಂಡು ನಾವು ನಗುತ್ತಿದ್ದೆವು. ನಗುತ್ತಿದ್ದ ನಮ್ಮಲ್ಲಿ ಒಬ್ಬರಿಗೂ ಮಾವನಿಗೆ ಈ ಮಂಗಳದ ಹುಚ್ಚು ಎಲ್ಲಿಂದ ಹತ್ತಿತು ಎಂದು ಕೇಳಬೇಕು ಅನ್ನಿಸಿರಲಿಲ್ಲ.

ಎರಡನೆಯ ವರ್ಷ ಮೇಷ್ಟ್ರು ರಾಜೋಳಿಯ ಹಿರಿಯರೊಬ್ಬರನ್ನು ಗುಂಪಿಗೆ ಸೇರಿಸಿದರು. ತುಂಗಭದ್ರೆಯ ದಂಡೆಯ ಊರು ಅದು. "ಹಳೇ ಡೊಳ್ಳಿನ ಕಲಾವಿದರು, ನಮ್ಮ ಮಾಮಾಗ ಜೋಡಿ ಆಗ್ತಾರ," ಎಂದು ಮೇಷ್ಟ್ರಿಗೆ ಖುಷಿಯೋ ಖುಷಿ. ರಾಜೋಳಿಯಿಂದ ನಮಸ್ಕಾರ ಬರಲಿಲ್ಲ, ಪರಿಚಯ ಬರಲಿಲ್ಲ. ಒಂದು ಕೆಮ್ಮು ಬಂತು. ಕೆಮ್ಮಿನ ಹಿಂದೆ, ಒಣಗಿದ ಆದರೆ ಸೊಟ್ಟಗಾಗದ ಒಂದು ದನಿ ಬಂತು:

ಕುರಿ ಹುಟ್ಟಿದ್ದಿಲ್ಲ, ಕಂಬಳಿ ಹೊದ್ದಿದ್ದ, ಯಾರಂವ ಹೇಳಣ್ಣ
ಡೊಳ್ಳು ಹುಟ್ಟಿದ್ದಿಲ್ಲ, ಡೊಳ್ಳು ಕೇಳಿದ್ದ, ಯಾರಂವ ಹೇಳಣ್ಣ

ಪ್ರತಿ ಹಾಡಿಗೂ ಐದು ನಿಮಿಷದಲ್ಲಿ ಉತ್ತರ ಕೊಡುತ್ತಿದ್ದ ಮಾವ ಅವತ್ತು ಸುಮ್ಮನಾದರು. ಮರುದಿನವೂ ಸುಮ್ಮನೆ. ಮೂರನೆಯ ದಿನ ನಾನು ಅತ್ತೆಗೆ ಫೋನು ಮಾಡಿದೆ.

"ಅವನ ದನಿ ಕೇಳಿದಾಗಿಂದ ರೊಟ್ಟಿ ಮುರಿತಾನ, ಬಾಯಿಗೆ ಇಡವಲ್ಲ," ಎಂದಳು ಅತ್ತೆ. ಆಮೇಲೆ ದನಿ ತಗ್ಗಿಸಿ ಹೇಳಿದಳು. ನಲವತ್ತು ವರ್ಷದ ಹಿಂದೆ ಐಜದ ಹತ್ತಿರದ ಒಂದು ಗುಡಿಯ ಮುಂದೆ ಇವರಿಬ್ಬರ ಮ್ಯಾಳ ಎದುರುಬದುರು ಕೂತಿದ್ದವಂತೆ. ಅದಕ್ಕೆ ಮುಂಚೆ ಇಬ್ಬರೂ ಒಂದೇ ಗಂಗಾಳದಲ್ಲಿ ಉಂಡ ಗೆಳೆಯರು. ರಾಜೋಳಿಯವರು ಇದೇ ಪ್ರಶ್ನೆ ಎತ್ತಿದರು. ಮಾವನಿಗೆ ಉತ್ತರ ಹೊಳೆಯಲಿಲ್ಲ. ಮಟಮಟ ಮಧ್ಯಾಹ್ನ, ಎರಡೂ ಊರಿನ ಮಂದಿ ಸುತ್ತ ಕೂತಿದ್ದಾರೆ. "ಇದು ಸುಳ್ಳು ಪ್ರಶ್ನಿ," ಎಂದು ಕೂಗಿ ಮಾವ ಡೊಳ್ಳು ಹೆಗಲಿಗೆ ಹಾಕಿಕೊಂಡು ಎದ್ದು ಬಂದುಬಿಟ್ಟರು.

"ಮಂಗಳ?" ಎಂದೆ ನಾನು.

"ಎಲ್ಲಿ ಮಂಗಳಾ, ಯವ್ವಾ. ಅಂವ ಕುಂತೇ ಇದ್ದ, ಇಂವ ಎದ್ದು ಬಂದ. ಮರುದಿನದಿಂದ ಡೊಳ್ಳು ಮುಟ್ಟಿಲ್ಲ. ನಿಮ್ಮ ಫೋನು ಬಂದ ಮ್ಯಾಲ ಬಾಯಿ ತಗದಾನ."

ಊರಿಗೆಲ್ಲ ‘ಏಳಬಾರದು’ ಎಂದು ಹೇಳುತ್ತಿದ್ದವರು ಎದ್ದು ಬಂದವರೇ ಆಗಿದ್ದರು. ಅಲ್ಲಿಂದ ಮುಂದೆ ಅವರ ಬಗ್ಗೆ ನಗುವುದು ನನಗೆ ಸ್ವಲ್ಪ ಕಷ್ಟವಾಯಿತು.

ಮಾವ ಉತ್ತರ ಹುಡುಕುವುದಕ್ಕೆ ನಿಂತರು. ಬಸ್ಸಿನ ಕಂಡಕ್ಟರನ್ನು ಕೇಳಿದರು. ತಹಸೀಲು ಕಚೇರಿಯ ಗುಮಾಸ್ತನನ್ನು ಕೇಳಿದರು. "ಕುರಿ ಹುಟ್ಟೋದಕ್ಕಿಂತ ಮೊದಲು ಕಂಬಳಿ ಹೊದ್ದಾಂವ ಯಾರ್ರಿ?" ಎಂದು ಕೇಳಿದಾಗ ಆ ಗುಮಾಸ್ತ, "ಆಧಾರ್ ಕಾರ್ಡ್ ತಂದೀರೇನು?" ಎಂದನಂತೆ. ಮಾವ ಹೇಳುತ್ತಿದ್ದದ್ದು ಒಂದೇ. ಉತ್ತರ ಸಿಕ್ಕ ದಿನ ಹಾಡಿ ಕಳಿಸುತ್ತೇನೆ, ಅವನೂ ನಾನೂ ಕೂಡಿ ಮಂಗಳ ಹಾಡುತ್ತೇವೆ, ಆಮೇಲೆ ನೀವೆಲ್ಲ ಎಲ್ಲಿಗೆ ಬೇಕಾದರೂ ಎದ್ದು ಹೋಗಿ.

ಹಾಗೆ ಹೇಳುತ್ತಾ ಇನ್ನೊಂದು ವರ್ಷ ಹೋಯಿತು. ಗುಂಪು ಸೊರಗುತ್ತಾ ಬಂತು. ಆಮೇಲೆ ಬಂದು ಸೇರಿ ಹಾಡು ಕಳಿಸುತ್ತಿದ್ದ ಇಬ್ಬರು ಹಿರಿಯರು ತೀರಿಕೊಂಡರು. ನೇಕಾರಣ್ಣನ ಮಗ್ಗ ನಿಂತಿತು, ಅವನ ಹಾಡುಗಳೂ ಕಡಿಮೆಯಾದವು. ಒಂದು ಮುಂಜಾನೆ ರಾಜೋಳಿಯ ನಂಬರಿನಿಂದ ಹೆಣ್ಣು ದನಿಯೊಂದು ಮಾತನಾಡಿತು.

"ನಾ ರಾಜೋಳಿ ಹಿರ್ಯಾರ ಸೊಸಿರಿ. ನಮ್ಮ ಮಾವ ಹಾಸಿಗಿ ಹಿಡದಾರ. ಮುಂಜಾನೆ ಕಣ್ಣು ಬಿಟ್ಟ ಕೂಡ್ಲೇ, ಮಕ್ತಲ್‌ದಾಂವ ಉತ್ತರ ಕೊಟ್ಟನೇನು ಅಂತ ಕೇಳ್ತಾರ. ಇಲ್ಲ ಅಂತ ಹೇಳಿದ ಮ್ಯಾಲ ಗಂಜಿ ಕುಡಿತಾರ. ಅದಕ್ಕ ತಿಳಿಸಿದ್ನಿರಿ."

ಅದೇ ತಿಂಗಳು ನನ್ನ ಮಗಳು ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಅವಳನ್ನು ನೋಡಲು ಬಂದ ಮಾವ ನಮ್ಮ ಜೊತೆಗೆ ದವಾಖಾನೆಗೂ ಬಂದರು. ನಾವು ಪರದೆಯ ಒಳಗೆ, ಮಾವ ಹೊರಗೆ ಬೆಂಚಿನ ಮೇಲೆ. ಡಾಕ್ಟರಮ್ಮ ಮಗಳ ಹೊಟ್ಟೆಯ ಮೇಲೆ ಒಂದು ಸಣ್ಣ ಯಂತ್ರ ಇಟ್ಟರು. ಡಬ್ ಡಬ್ ಡಬ್ ಡಬ್ ಎಂದು ಕೋಣೆ ತುಂಬ ಸಪ್ಪಳ.

"ಒಳಗ ಡೊಳ್ಳು ಯಾರು ಬಾರಸಾಕತ್ತಾರ?" ಪರದೆಯ ಆಚೆಯಿಂದ ಮಾವನ ದನಿ.

"ಯಾರೂ ಇಲ್ಲ ಮಾವಾ. ಕೂಸಿನ ಎದಿ ಬಡಿಯೋದು."

"ಕೂಸಿಗೂ ಕೇಳತೈತೇನು ಇದು?"

ಡಾಕ್ಟರಮ್ಮ ನಗುತ್ತಾ, "ಅದಕ್ಕೆ ಅವ್ವನ ಎದಿ ಬಡಿತ ಕೇಳತೈತಿ ತಾತಾ. ಹಗಲೂ ರಾತ್ರಿ ಅದೇ ಸಪ್ಪಳ," ಎಂದರು.

ಹೊರಗೆ ಬೆಂಚು ಕಿರುಗುಟ್ಟಿತು. ಪರದೆ ಸರಿಸಿ ನೋಡಿದೆ. ಮಾವ ಬೆಂಚಿನಿಂದ ಇಳಿದು ನೆಲದ ಮೇಲೆ ಕೂತಿದ್ದರು. ಕಂಬಳಿಯನ್ನು ತಲೆಯ ಮೇಲಿಂದ ಪೂರ್ತಿ ಹೊದ್ದುಕೊಂಡು, ಮೊಣಕಾಲು ಎದೆಗೆ ಒತ್ತಿ, ಮುದುಡಿ ಕೂತಿದ್ದರು. ದವಾಖಾನೆಯ ಮಂದಿಯೆಲ್ಲ ಇವರಿಗೆ ಏನೋ ಆಗಿದೆ ಎಂದು ನೋಡುತ್ತಿದ್ದರು.

"ಹೊಟ್ಟ್ಯಾಗಿನ ಕೂಸು," ಎಂದರು ಕಂಬಳಿಯ ಒಳಗಿನಿಂದ. "ಕುರಿಗಿಂತ ಮೊದಲು ಕಂಬಳಿ ಹೊದ್ದಾಂವ ಅದ. ಡೊಳ್ಳಿಗಿಂತ ಮೊದಲು ಡೊಳ್ಳು ಕೇಳಿದಾಂವ ಅದ. ನಲವತ್ತು ವರ್ಷ, ಯವ್ವಾ. ಖರೇ ಪ್ರಶ್ನಿ ಕೇಳಿದ್ದ ಅಂವ."

ನನಗೆ ಕುಣಿಯುವಷ್ಟು ಸಂತೋಷ. "ಈಗಲೇ ಹಾಡಿ ಕಳಿಸ್ರಿ ಮಾವಾ," ಎಂದು ಫೋನು ಕೊಡಲು ಹೋದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ಕಳಸಂಗಿಲ್ಲ."

"ಯಾಕ?"

"ಉತ್ತರ ಕೊಟ್ರ ಮಂಗಳ. ಮಂಗಳ ಆದ್ರ ಏಳೋದು. ಅಂವ ಏಳಾಕ ನಿಂತಾನ. ಉತ್ತರ ಕೊಟ್ಟು ನಾ ಅವನ್ನ ಕಳಸಂಗಿಲ್ಲ."

ಆಮೇಲೆ ಅವರು ಮಾಡಿದ್ದನ್ನು ಗುಂಪಿನಲ್ಲಿ ಯಾರೂ ಅರ್ಥ ಮಾಡಿಕೊಳ್ಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಪ್ರತಿ ಸೋಮವಾರ ಮಾವ ಒಂದು ತಪ್ಪು ಉತ್ತರವನ್ನು ಹಾಡಾಗಿ ಕಟ್ಟಿ ಕಳಿಸತೊಡಗಿದರು. ಮೊದಲ ಸೋಮವಾರ, ಕಂಬಳಿ ಹೊದ್ದವನು ಮೋಡ ಮುಸುಕಿದ ಗುಡ್ಡ ಎಂದರು. ರಾಜೋಳಿಯಿಂದ ಒಂದೇ ಮಾತು ಬಂತು: "ತಪ್ಪು." ಎರಡನೆಯ ಸೋಮವಾರ, ಸಿಪ್ಪೆಯೊಳಗಿನ ಶೇಂಗಾ ಎಂದರು. "ತಪ್ಪು." ಆ ‘ತಪ್ಪು’ ಎನ್ನುವುದರಲ್ಲಿ ಎಂಥ ಕಸುವು ಇತ್ತು ಅಂತೀರಿ! ಸೊಸೆ ಹೇಳುತ್ತಿದ್ದಳು, ಸೋಮವಾರ ಬಂತೆಂದರೆ ಮುದುಕರು ಗೋಡೆಗೆ ಒರಗಿ ಎದ್ದು ಕೂಡುತ್ತಾರೆ, ತಪ್ಪು ಎಂದ ಮೇಲೆ ಅರ್ಧ ರೊಟ್ಟಿ ಹೆಚ್ಚಿಗೆ ಉಣ್ಣುತ್ತಾರೆ ಎಂದು.

ಗುಂಪಿನವರಿಗೆ ಮಾತ್ರ ಇದು ತಮಾಷೆ. "ಮಾಮಾ, ಶೇಂಗಾ ಡೊಳ್ಳು ಹೆಂಗ ಕೇಳತೈತಿ?" ಎಂದು ಮೇಷ್ಟ್ರು ಕಾಲೆಳೆದರು. "ವಯಸ್ಸಾತು ಮಾಮಾಗ, ತಲಿ ಓಡವಲ್ದು," ಎಂದ ನೇಕಾರಣ್ಣ. ನಲವತ್ತು ವರ್ಷದ ಹಿಂದೆ ಒಂದು ಸೋಲನ್ನು ತಡೆದುಕೊಳ್ಳಲಾರದೆ ಎದ್ದು ಬಂದ ಮನುಷ್ಯ, ಈಗ ವಾರಕ್ಕೊಂದು ಸಲ ಎಲ್ಲರ ಮುಂದೆ ಸೋಲುತ್ತಿದ್ದರು. ಒಂಬತ್ತು ಸೋಮವಾರ ಸೋತರು.

ಹತ್ತನೆಯ ಸೋಮವಾರ ರಾಜೋಳಿಯಿಂದ ‘ತಪ್ಪು’ ಬರಲಿಲ್ಲ. ಮಂಗಳವಾರ ಸೊಸೆಯ ದನಿ ಬಂತು. ಈ ಸಲ ಗುಂಪಿಗಲ್ಲ, ನನ್ನೊಬ್ಬಳಿಗೆ.

"ಅಕ್ಕಾ, ತಪ್ಪು ಅನ್ನಾಕೂ ದನಿ ಬರವಲ್ದು. ಜೀವ ಹಿಡಕೊಂಡು ಮಲಗ್ಯಾರ. ನೋಡಾಕ ಆಗವಲ್ದು. ನಿಮ್ಮ ಮಾಮಾಗ ಉತ್ತರ ಗೊತ್ತಿದ್ರ ಕೊಟ್ಟು ಬಿಡಾಕ ಹೇಳ್ರಿ. ಸಾಕು ಅವರಿಗೆ."

ಅದನ್ನು ಮಾವನಿಗೆ ಕೇಳಿಸಿದೆ. "ನಾಳೆ ಮುಂಜಾನೆ ಮಕ್ತಲ್ಲಿಗೆ ಬಾ," ಎಂದು ಫೋನು ಇಟ್ಟರು. ಮರುದಿನ ಬೆಳಿಗ್ಗೆ ಮಕ್ತಲ್ ಬಸ್ ನಿಲ್ದಾಣದಲ್ಲಿ ನನಗಾಗಿ ಕಾಯುತ್ತಿದ್ದರು. ಗದ್ವಾಲದಲ್ಲಿ ಇಳಿದು ಐಜದ ಬಸ್ಸು, ಐಜದಲ್ಲಿ ಇಳಿದು ರಾಜೋಳಿಯ ಬಸ್ಸು. ಐಜ ದಾಟುವಾಗ ಮಾವ ಕಿಟಕಿಯಿಂದ ಮುಖ ತಿರುಗಿಸಿ ಕೂತರು. ಆ ಗುಡಿ ಆ ದಾರಿಯಲ್ಲೇ ಇರಬೇಕು.

ರಾಜೋಳಿಯ ಹಿರಿಯರು ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದರು. ಹೊರಸು ಖಾಲಿ ಇದ್ದ ಹಾಗೇ ಕಾಣುತ್ತಿತ್ತು, ಅಷ್ಟು ಸಣ್ಣಗಾಗಿದ್ದರು. ಮಾವ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ನೆಲದ ಮೇಲೆ ಕಂಬಳಿ ಹಾಸಿ, ರುಮಾಲು ಸುತ್ತಿ ಎದುರು ಕೂತರು.

"ಬಂದ್ಯಾ?" ಎಂದರು ಹಿರಿಯರು. ತುಟಿ ಅಲುಗಿದ್ದಷ್ಟೇ ಕಂಡಿತು.

"ಬಂದೆ."

ಡೊಳ್ಳು ಇರಲಿಲ್ಲ. ಹೊರಸಿನ ಕಾಲಿನ ಮೇಲೆ ಬೆರಳಿನಿಂದ ತಾಳ ಹಾಕಿಕೊಂಡು ಮಾವ ಉತ್ತರ ಹಾಡಿದರು. ಹೊಟ್ಟೆಯ ಕತ್ತಲು ಕಂಬಳಿ, ಅವ್ವನ ಎದೆ ಡೊಳ್ಳು. ಹಿರಿಯರು ಕಣ್ಣು ಮುಚ್ಚಿ ಕೇಳಿದರು. ಹಾಡು ಮುಗಿದ ಮೇಲೆ ಉಸಿರಿನಷ್ಟು ಸಣ್ಣ ದನಿಯಲ್ಲಿ ಒಂದೊಂದೇ ಮಾತು ತೆಗೆದರು.

"ಯಾವಾಗ ಸಿಕ್ತು?"

"ಎರಡು ತಿಂಗಳಾತು."

"ಗೊತ್ತು. ಶೇಂಗಾ ಅಂದಿ ನೋಡು, ಅವತ್ತ ಗೊತ್ತಾತು. ಅಷ್ಟು ದಡ್ಡ ಅಲ್ಲ ನೀ."

ಇಬ್ಬರೂ ಸ್ವಲ್ಪ ನಕ್ಕರು. ನಗು ಕೆಮ್ಮಾಯಿತು. ಸೊಸೆ ನೀರು ಹನಿಸಿದಳು. ಮಾವ ರುಮಾಲು ಸರಿ ಮಾಡಿಕೊಂಡು, "ಮಂಗಳ ಹಾಡೋಣು," ಎಂದರು. ಅಷ್ಟು ಹೇಳುವುದಕ್ಕೆ ಅವರಿಗೆ ನಲವತ್ತು ವರ್ಷ ಹಿಡಿದಿತ್ತು.

"ಬ್ಯಾಡ."

"ಯಾಕ?"

"ಅವತ್ತು ನೀ ಎದ್ದು ಹೋದಿ, ನಾ ಕುಂತಿದ್ದೆ. ಈಗ ನಾ ಏಳ್ತೀನಿ, ನೀ ಕುಂತಿರು. ಸರಿಗೆ ಸರಿ ಆಗಲಿ."

ಮಾವನ ಬೆರಳು ಹೊರಸಿನ ಕಾಲಿನ ಮೇಲೆ ಸುಮ್ಮನೆ ತಾಳ ಹಾಕುತ್ತಾ ಇತ್ತು. ಸಂಜೆಯ ಬಸ್ಸಿಗೆ ನಾವು ಹೊರಟೆವು. ಹಿರಿಯರು ನಾಲ್ಕನೆಯ ದಿನ ಎದ್ದು ಹೋದರು. ಮಂಗಳ ಆಗಲಿಲ್ಲ.

ಆಮೇಲೆ ಒಂದು ತಿಂಗಳು ಕಳೆದಿರಬೇಕು. ನನ್ನ ಮಗಳಿಗೆ ಹೆಣ್ಣು ಕೂಸು ಹುಟ್ಟಿತ್ತು. ಅದಕ್ಕೆ ಎಣ್ಣೆ ಹಚ್ಚುತ್ತಾ ಕೂತಿದ್ದಾಗ ಮಾವನ ಫೋನು ಬಂತು. ಗುಂಪಿನಲ್ಲಿ ರಾಜೋಳಿಯ ನಂಬರಿನ ಮುಂದೆ ‘ತೊರೆದರು’ ಎಂದು ಕಾಣುತ್ತಿದೆಯಂತೆ. ಸೊಸೆ, ಇನ್ನು ಈ ಗುಂಪಿನಲ್ಲಿ ತನಗೇನು ಕೆಲಸ ಎಂದುಕೊಂಡು ಹೊರಗೆ ಬಂದಿದ್ದಳು.

"ಅವನ್ನ ತಿರುಗಿ ಕರಿ," ಎಂದರು ಮಾವ.

"ಮಾವಾ, ಅವರು..."

"ಗೊತ್ತೈತಿ. ಕರಿ. ಜಗಾ ಖಾಲಿ ಬಿಡಬ್ಯಾಡ."

ಸೊಸೆಗೆ ಫೋನು ಮಾಡಿ ಕೇಳಿದೆ. ಅವಳು, "ಆತ್ರಿ ಅಕ್ಕಾ," ಎಂದಳು. ಆ ನಂಬರನ್ನು ಮತ್ತೆ ಸೇರಿಸಿದೆ. ಸ್ವಲ್ಪ ಹೊತ್ತಿಗೆ ಮಾವ ಒಂದು ಹೊಸ ಪ್ರಶ್ನೆಯನ್ನು ಹಾಡಿ ಗುಂಪಿಗೆ ಹಾಕಿದರು. ರಾಜೋಳಿಯ ಸೊಸೆಗೆ ಹಾಡು ಬಾರದು, ಏನು ಹೇಳಬೇಕೆಂದೂ ತಿಳಿದಿರಲಿಕ್ಕಿಲ್ಲ. ಅವಳು ಒಂದು ಹೆಬ್ಬೆಟ್ಟು ಒತ್ತಿದಳು.

ನಾನು ಎಣ್ಣೆಯ ಕೈಯಲ್ಲೇ ಫೋನು ಹಿಡಿದು, ಮಾವ ಈಗ ಬೈಯುತ್ತಾರೆ ಎಂದು ಕಾದೆ. ಬೈಗುಳ ಬರಲಿಲ್ಲ. ಮಾವನ ಕಡೆಯಿಂದಲೂ ಒಂದು ಹೆಬ್ಬೆಟ್ಟು ಬಂತು. ಅವರು ಒತ್ತಿದ ಮೊದಲನೆಯ ಹೆಬ್ಬೆಟ್ಟು ಅದು.